ಎಂಜಿನ್ ಬದಲಿಸಿದ ಮೇಲೆ ಆಯಿಲ್ ಪ್ರೆಷರ್ ಮೀಟರ್ ತಪ್ಪು ತೋರಿಸಿದರೆ ಎಲ್ಲಿಂದ ಹುಡುಕಬೇಕು

ಚಾವಿ ತಿರುಗಿಸಿದೆ. ಎಂಜಿನ್ ಇನ್ನೂ ಸ್ಟಾರ್ಟ್ ಮಾಡಿರಲಿಲ್ಲ. ಆದರೂ ಆಯಿಲ್ ಪ್ರೆಷರ್ ಮೀಟರಿನ ಮುಳ್ಳು ಸರ್ರನೆ ಬಲಕ್ಕೆ ಹೋಗಿ ಕೊನೆಯ ಗೆರೆ ದಾಟಿ ನಿಂತಿತು. ಸೆಲ್ಫ್ ಹೊಡೆದೆ. ಎಂಜಿನ್ ಎದ್ದಿತು, ಮುಳ್ಳು ಅರ್ಧಕ್ಕೆ ಇಳಿಯಿತು. ರೇಸ್ ಮಾಡಿದರೆ ಇನ್ನೂ ಇಳಿಯಿತು. ಅರ್ಧ ಗಂಟೆ ಓಡಿಸಿ ಎಂಜಿನ್ ಬಿಸಿಯಾದ ಮೇಲೆ ಎಂಜಿನ್ ಆಫ್ ಮಾಡದೆ ಗಾಡಿ ನಿಲ್ಲಿಸಿದರೆ ಮತ್ತೆ ಫುಲ್.

ಈ ಜೀಪ್ ನಮ್ಮಪ್ಪನ ಕಾಲದ ಮಹೀಂದ್ರಾ. ಕಲಬುರಗಿಯಿಂದ ಹೊಲಕ್ಕೆ ಹೋಗಿ ಬರಲು, ಸುಗ್ಗಿಯಲ್ಲಿ ತೊಗರಿ ಚೀಲ ಹೇರಲು ಇಂದಿಗೂ ಅದೇ ಗಾಡಿ. ಹಳೆಯ ಡೀಸೆಲ್ ಎಂಜಿನ್ ಪೂರ್ತಿ ಸವೆದು ಹೋಗಿತ್ತು. ಹಾಗಾಗಿ ಗುಜರಿಗೆ ಹೋದ ಒಂದು ಕಾರಿನ 4 ಸಿಲಿಂಡರ್ ಕಾಮನ್ ರೈಲ್ ಡೀಸೆಲ್ ಎಂಜಿನ್ ತಂದು ಕೂರಿಸಿದೆವು. ಎಂಜಿನ್ ಬದಲಿಸುವವರು ಮೊದಲೇ ಆರ್‌ಟಿಒ ಅನುಮತಿ ತೆಗೆದುಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದನ್ನೇ ಹೇಳುತ್ತದೆ. ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಏರಬೇಕು, ಇನ್ಶುರೆನ್ಸ್‌ನವರಿಗೂ ತಿಳಿಸಬೇಕು. ಕಾಗದದ ಮಾತು ಇಷ್ಟು ಸಾಕು, ಮುಳ್ಳಿನ ಕಡೆ ಬರೋಣ.

ಮೊದಲ ಎರಡು ದಿನ ನನಗೆ ಸಮಾಧಾನವೇ ಆಗಿತ್ತು. ಬಿಸಿ ಎಂಜಿನ್, ಸಿಗ್ನಲ್‌ನಲ್ಲಿ ನಿಂತ ಗಾಡಿ, ಮುಳ್ಳು ಫುಲ್. ಇನ್ನೇನು ಬೇಕು? ಆದರೆ ಬಿಸಿಯಾದ ಆಯಿಲ್ ತೆಳುವಾಗುತ್ತದೆ. ನಿಂತ ಗಾಡಿಯಲ್ಲಿ ಪಂಪ್ ನಿಧಾನ ತಿರುಗುತ್ತದೆ. ಆಗ ಪ್ರೆಷರ್ ಇಳಿಯಲೇಬೇಕು. ಏರುತ್ತಿದೆ ಅಂದರೆ ಮೀಟರ್ ಉಲ್ಟಾ ಓದುತ್ತಿದೆ ಎಂದೇ ಅರ್ಥ. ಇದು ಹೊಳೆದ ದಿನ ಗಾಡಿ ನಿಲ್ಲಿಸಿ ಎಲ್ಲವನ್ನೂ ಬಿಚ್ಚಿ ನೋಡಿದೆ. ಒಂದಲ್ಲ, ಮೂರು ದೋಷ ಸಿಕ್ಕವು. ಎರಡು ವೈರಿನಲ್ಲಿ, ಒಂದು ನಿಜವಾಗಿಯೂ ಎಂಜಿನ್‌ನಲ್ಲಿ. ಹುಡುಕಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ವಿಚ್ಚೋ, ಸೆಂಡರೋ?

ಇವತ್ತಿನ ಬಹಳಷ್ಟು ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಪ್ರೆಷರ್ ಮೀಟರೇ ಇಲ್ಲ. ಒಂದು ಕೆಂಪು ದೀಪ, ಅಷ್ಟೇ. ಆ ದೀಪಕ್ಕಾಗಿ ಎಂಜಿನ್ ಬ್ಲಾಕಿನಲ್ಲಿ ಇರುವುದು ಬರೀ ಸ್ವಿಚ್. ಎಂಜಿನ್ ನಿಂತಾಗ ಅದು ಒಳಗೇ ಅರ್ಥ್‌ಗೆ (ಬ್ಯಾಟರಿಯ ಮೈನಸ್ ಕೂಡಿರುವ ಗಾಡಿಯ ಲೋಹಕ್ಕೆ) ಕೂಡಿಕೊಂಡಿರುತ್ತದೆ, ದೀಪ ಉರಿಯುತ್ತದೆ. ಪ್ರೆಷರ್ ಸುಮಾರು ಅರ್ಧ ಬಾರ್ (ಬಾರ್ ಅಂದರೆ ಪ್ರೆಷರಿನ ಅಳತೆ) ಆಸುಪಾಸಿಗೆ ಬಂದ ಕೂಡಲೇ ಬಿಟ್ಟುಕೊಳ್ಳುತ್ತದೆ, ದೀಪ ಆರುತ್ತದೆ. ಅದಕ್ಕೆ 1 ಬಾರೂ ಒಂದೇ, 5 ಬಾರೂ ಒಂದೇ.

ಸೆಂಡರ್ ಬೇರೆ ಸಾಮಾನು. ಪ್ರೆಷರ್ ಏರಿದಂತೆ ಅದರ ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬದಲಾಗುತ್ತದೆ. ಮೀಟರ್ ಓದುವುದು ಈ ಓಮ್ ಅನ್ನು, ಆಯಿಲ್ ಅನ್ನಲ್ಲ. ಈ ಕೆಲಸದಲ್ಲಿ ಆಗುವ ಗೊಂದಲವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಹಳೆಯ ಗಾಡಿಯ ಮೀಟರಿನ ವೈರನ್ನು ಹೊಸ ಎಂಜಿನ್ನಿನ ಸ್ವಿಚ್ಚಿಗೆ ಸಿಕ್ಕಿಸಿ ಬಿಟ್ಟರೆ ಮುಳ್ಳು ಎರಡೇ ಜಾಗದಲ್ಲಿ ನಿಲ್ಲುತ್ತದೆ. ಒಂದೋ ಸೊನ್ನೆ, ಇಲ್ಲವೇ ಫುಲ್. ರೇಸ್ ಮಾಡಿದರೂ ಅಲ್ಲೇ, ನಿಧಾನ ಮಾಡಿದರೂ ಅಲ್ಲೇ. ನಿಮ್ಮ ಮುಳ್ಳು ಮಧ್ಯದಲ್ಲಿ ಎಲ್ಲೂ ನಿಲ್ಲುತ್ತಿಲ್ಲ ಅಂದರೆ ಎಂಜಿನ್ ಬಿಚ್ಚುವ ಮೊದಲು ಇದನ್ನು ನೋಡಿ.

ಪರೀಕ್ಷೆಗೆ 5 ನಿಮಿಷ ಸಾಕು. ಎಂಜಿನ್ ಆಫ್ ಇರಲಿ. ವೈರ್ ಬಿಚ್ಚಿ. ಮಲ್ಟಿಮೀಟರ್ ಓಮ್‌ಗೆ ಇಟ್ಟು ಒಂದು ಕಡ್ಡಿ ಟರ್ಮಿನಲ್‌ಗೆ, ಇನ್ನೊಂದು ಬ್ಲಾಕಿನ ಬರೀ ಲೋಹಕ್ಕೆ ಹಚ್ಚಿ. ಹತ್ತಿರ ಹತ್ತಿರ ಸೊನ್ನೆ ಬಂದರೆ ಸ್ವಿಚ್. 10 ಓಮ್ ಬಂದರೆ ಅದು 10ರಿಂದ 180 ಓಮ್‌ನ ಸೆಂಡರ್. ಇದನ್ನು ಅಂಗಡಿಯಲ್ಲಿ ವಿಡಿಒ ಮಾದರಿ ಅನ್ನುತ್ತಾರೆ. 240 ಓಮ್ ಬಂದರೆ ಅಮೆರಿಕನ್ ಮಾದರಿ. ಅದು ಪ್ರೆಷರ್ ಏರಿದಂತೆ 240ರಿಂದ 33ಕ್ಕೆ ಇಳಿಯುತ್ತದೆ. ಒಂದು ಏರುವ ಜಾತಿ, ಇನ್ನೊಂದು ಇಳಿಯುವ ಜಾತಿ.

ನನ್ನ ಮೊದಲ ದೋಷ ಇದೇ. ಮೀಟರ್ 240–33 ಮಾದರಿಯದು, ಸೆಂಡರ್ 10–180. ಎರಡನ್ನೂ ಬೇರೆ ಬೇರೆ ಅಂಗಡಿಯಲ್ಲಿ ಕೊಂಡಿದ್ದೆ. ಎಂಜಿನ್ ನಿಂತಾಗ ಸೆಂಡರ್ 10 ಓಮ್ ಕೊಡುತ್ತದೆ. 33 ಓಮ್‌ಗೇ ಫುಲ್ ತೋರಿಸುವ ಮೀಟರ್ 10 ಕಂಡರೆ ಕೊನೆಯ ಗೆರೆ ದಾಟದೇ ಇರುತ್ತದೆಯೇ?

ಮೀಟರ್ ಯಾವ ಮಾದರಿ ಎಂದು ಡಬ್ಬದ ಮೇಲೆ ಬರೆದಿಲ್ಲದಿದ್ದರೆ ಹೀಗೆ ಮಾಡಿ. ಚಾವಿ ಆನ್ ಇಟ್ಟು ಸೆಂಡರ್ ವೈರ್ ಬಿಚ್ಚಿ ಗಾಳಿಯಲ್ಲಿ ಬಿಡಿ. ಮುಳ್ಳು ಫುಲ್ ಹೋದರೆ 10–180, ಸೊನ್ನೆಗೆ ಬಂದರೆ 240–33. ಆಮೇಲೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ 33 ಓಮ್ ರೆಸಿಸ್ಟರ್ ಒಂದನ್ನು ಆ ವೈರಿಗೂ ಅರ್ಥ್‌ಗೂ ನಡುವೆ ಹಿಡಿಯಿರಿ. 240–33 ಮೀಟರ್ ಫುಲ್ ತೋರಿಸಬೇಕು. 10–180 ಮೀಟರ್ ಆಗಿದ್ದರೆ ಮುಳ್ಳು ಸೊನ್ನೆಯಿಂದ ಸ್ವಲ್ಪವೇ ಮೇಲೇಳಬೇಕು. ಹಾಗೆ ಆದರೆ ಮೀಟರ್ ಸರಿಯಿದೆ, ದೋಷ ಮುಂದೆ ಎಲ್ಲೋ ಇದೆ.

ಮಾದರಿ ಒಂದೇ ಇದ್ದರೂ ಅಳತೆ ಹೊಂದಬೇಕು. ವಿಡಿಒ ಮಾದರಿಯಲ್ಲೇ 5 ಬಾರ್ ಸೆಂಡರ್ ಇದೆ, 10 ಬಾರ್ ಸೆಂಡರ್ ಇದೆ. ಎರಡರ ಓಮ್ ಹೆಚ್ಚುಕಡಿಮೆ ಒಂದೇ. 5 ಬಾರ್ ಸೆಂಡರಿಗೆ 10 ಬಾರ್ ಮೀಟರ್ ಕೂಡಿಸಿದರೆ ನಿಜವಾದ ಪ್ರೆಷರ್ 2 ಇದ್ದಾಗ ಮುಳ್ಳು 4 ತೋರಿಸುತ್ತದೆ. ಇದು ಉಲ್ಟಾ ಓದುವ ಮೀಟರಿಗಿಂತ ಅಪಾಯ. ಯಾಕಂದರೆ ಮುಳ್ಳು ಸರಿಯಾದ ದಿಕ್ಕಿನಲ್ಲೇ ಓಡಾಡುತ್ತದೆ, ಅನುಮಾನವೇ ಬರುವುದಿಲ್ಲ.

ಕೆಲವು ಎಂಜಿನ್‌ಗಳಲ್ಲಿ 3 ವೈರಿನ ಸೆನ್ಸರ್ ಇರುತ್ತದೆ. ಅದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೊಡುವ 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಅದಕ್ಕೆ ಹಳೆಯ ಮೀಟರಿನ ವೈರ್ ಜೋಡಿಸಲೇಬೇಡಿ. ಮೀಟರೂ ಓದುವುದಿಲ್ಲ, ಇಸಿಯುಗೆ ಹೋಗುವ ಸಿಗ್ನಲ್ಲೂ ಕೆಡುತ್ತದೆ. ಸ್ಕ್ಯಾನರ್ ಹಚ್ಚಿದರೆ ಪಿ0520ರಿಂದ ಪಿ0523ರವರೆಗಿನ ಕೋಡ್ ಬರಬಹುದು. ಅವೆಲ್ಲ ಸೆನ್ಸರ್ ಮತ್ತು ವೈರಿಂಗ್‌ಗೆ ಸಂಬಂಧಿಸಿದವು. ಪಿ0524 ಬಂದರೆ ಮಾತ್ರ ಪ್ರೆಷರ್ ನಿಜವಾಗಿಯೂ ಕಡಿಮೆ ಇದೆ ಎಂದು ಇಸಿಯು ಹೇಳುತ್ತಿದೆ. ಆಗ ಎಂಜಿನ್ ಬಂದ್ ಮಾಡಿ.

ಎಲ್ಲಿ ಕೂರಿಸಬೇಕು, ಯಾವ ಥ್ರೆಡ್

ಕಂಪನಿಯ ಸ್ವಿಚ್ ತೆಗೆದು ಬಿಸಾಕಬೇಡಿ. ದೀಪವೂ ಇರಲಿ, ಮೀಟರೂ ಇರಲಿ. ಇಬ್ಬರು ಸಾಕ್ಷಿ ಇದ್ದರೆ ಒಬ್ಬ ಸುಳ್ಳು ಹೇಳಿದಾಗ ಗೊತ್ತಾಗುತ್ತದೆ. ಟಿ (ಮೂರು ಬಾಯಿಯ ಜೋಡಣೆ) ಹಾಕಿ ಸ್ವಿಚ್, ಸೆಂಡರ್ ಎರಡನ್ನೂ ಕೂರಿಸಬಹುದು. ಫಿಲ್ಟರ್ ದಾಟಿದ ಮೇಲಿನ ಮೇನ್ ಗ್ಯಾಲರಿಯಲ್ಲೇ (ಬ್ಲಾಕಿನೊಳಗೆ ಆಯಿಲ್ ಹರಿಯುವ ಮುಖ್ಯ ದಾರಿ) ಜಾಗ ಹುಡುಕಿ. ಹೆಡ್ಡಿನ ಕಡೆಯ ತೂತಿನಿಂದ ತೆಗೆದರೆ ಪ್ರೆಷರ್ ಕಡಿಮೆಯೇ ಕಾಣುತ್ತದೆ, ಸುಮ್ನೆ ಭಯ.

ಥ್ರೆಡ್ ವಿಷಯದಲ್ಲಿ ಅವಸರ ಬೇಡ. ಈ ಜಾಗದಲ್ಲಿ ಜಾಸ್ತಿ ಕಾಣುವವು ಮೂರು: ಎಂ10 × 1, 1/8 ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್), 1/8 ಎನ್‌ಪಿಟಿ (ಅಮೆರಿಕನ್ ಪೈಪ್ ಥ್ರೆಡ್). ಕೈಯಲ್ಲಿ ಹಿಡಿದರೆ ಮೂರೂ ಒಂದೇ ಥರ. ಎಂ10 ಹೊರ ಅಳತೆ 10 ಮಿಮೀ. ಬಿಎಸ್‌ಪಿಯದು 9.73 ಮಿಮೀ, ಇಂಚಿಗೆ 28 ಥ್ರೆಡ್. ಎನ್‌ಪಿಟಿ ಇಂಚಿಗೆ 27 ಥ್ರೆಡ್, ಕೋನವೂ ಬೇರೆ. ತಪ್ಪು ಥ್ರೆಡ್ ಕೂಡ ಎರಡು ಸುತ್ತು ಕೈಯಲ್ಲೇ ಹೋಗುತ್ತದೆ. ಮೂರನೆಯದಕ್ಕೆ ಬಿಗಿಯಾಗುತ್ತದೆ. "ಟೈಟ್ ಆಗ್ತಿದೆ, ಸರಿ ಕೂತಿದೆ" ಎಂದು ಪಾನಾ ಹಾಕಿ ಎಳೆದರೆ ಅಲ್ಯೂಮಿನಿಯಂ ಕೇಸಿಂಗ್ ಸೀಳುತ್ತದೆ. ನಮ್ಮ ಕಡೆ ಲೇತ್ ಅಂಗಡಿಗಳಿಗೆ ಕೊರತೆಯಿಲ್ಲ. ಹಳೆಯ ಸ್ವಿಚ್ಚನ್ನು ಬಿಚ್ಚಿ ಕಿಸೆಯಲ್ಲಿ ಹಾಕಿಕೊಂಡು ಹೋಗಿ. ಪಿಚ್ ಗೇಜ್ ಹಿಡಿದು ನೋಡಿ ಅಡಾಪ್ಟರ್ ಮಾಡಿಕೊಡುತ್ತಾರೆ.

ಎಂ10 ನೇರ ಥ್ರೆಡ್. ಅದಕ್ಕೆ ತಾಮ್ರದ ವಾಷರ್ ಬೇಕು. ಎನ್‌ಪಿಟಿ ಮೊನಚಾಗುತ್ತಾ ಹೋಗುವ ಥ್ರೆಡ್, ಥ್ರೆಡ್ಡಿನಲ್ಲೇ ಸೀಲ್ ಆಗುತ್ತದೆ.

ಇನ್ನೊಂದು ಮಾತು. ವಿಡಿಒ ಮಾದರಿಯ ಸೆಂಡರ್ ಸಣ್ಣ ಡಬ್ಬದಷ್ಟು ದಪ್ಪ, ಒಳ್ಳೆ ತೂಕ. ಅದನ್ನು ಹಿತ್ತಾಳೆ ಟಿ ಮೇಲೆ ನೇತುಬಿಟ್ಟರೆ ಡೀಸೆಲ್ ಎಂಜಿನ್ನಿನ ನಡುಕಕ್ಕೆ ಟಿ ಕುತ್ತಿಗೆಯಲ್ಲೇ ಮುರಿಯುತ್ತದೆ. ಮುರಿದರೆ ಆಯಿಲ್ ಎಲ್ಲಾ ಹೊರಗೆ. ಅದರ ಬದಲು ಉಕ್ಕಿನ ಹೆಣಿಗೆಯ ಸಣ್ಣ ಹೋಸ್ ಎಳೆದು ಸೆಂಡರನ್ನು ಗಾಡಿಯ ಬಾಡಿಗೆ ಕ್ಲಾಂಪ್ ಮಾಡಿ ಕೂರಿಸುವುದು ಒಳ್ಳೆಯದು. ನಾನೂ ಹಾಗೇ ಮಾಡಿದೆ. ಎರಡನೇ ದೋಷ ಬಂದದ್ದು ಅಲ್ಲಿಂದ.

ಅರ್ಥಿಂಗ್

ಮೀಟರ್ ಬದಲಿಸಿ, ಮೀಟರ್ ಸೆಂಡರ್ ಎರಡೂ 10–180 ಮಾಡಿದ ಮೇಲೆ ಮುಳ್ಳು ಸರಿ ದಿಕ್ಕಿಗೆ ಬಂತು. ಆದರೆ ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಜಿಗಿಯಿತು. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಟಕ್ ಟಕ್ ಎಂದು ಕುಣಿಯಿತು. ಆಯಿಲ್‌ಗೂ ಇಂಡಿಕೇಟರಿಗೂ ಏನು ಸಂಬಂಧ? ಏನೂ ಇಲ್ಲ. ಇಂಥದ್ದು ಕಂಡರೆ ನೇರವಾಗಿ ಅರ್ಥಿಂಗ್ ಹುಡುಕಿ.

ಒಂದೇ ಟರ್ಮಿನಲ್ ಇರುವ ಸೆಂಡರ್ ತನ್ನ ಮೈಯಿಂದಲೇ ಅರ್ಥ್ ತೆಗೆದುಕೊಳ್ಳುತ್ತದೆ. ಬ್ಲಾಕಿಗೆ ನೇರ ಕೂರಿಸಿದರೆ ತಾನಾಗಿ ಸಿಗುತ್ತದೆ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ಅದು ಕೆಡುತ್ತದೆ. ನನ್ನ ಹಾಗೆ ಹೋಸ್ ಹಾಕಿ ಬಾಡಿಗೆ ಕ್ಲಾಂಪ್ ಮಾಡಿದರೆ, ಕ್ಲಾಂಪಿನ ಒಳಗೆ ರಬ್ಬರ್, ಅದರ ಕೆಳಗೆ ಬಾಡಿಯ ಪೇಂಟ್. ನಂಬುವಂಥ ಅರ್ಥ್ ಎಲ್ಲಿಂದ ಬರಬೇಕು? 10–180 ಮಾದರಿಯಲ್ಲಿ ಅರ್ಥ್ ಕೆಟ್ಟರೆ ಓಮ್ ಜಾಸ್ತಿ ಆಗಿ ಮುಳ್ಳು ನಿಜಕ್ಕಿಂತ ಮೇಲೆ ತೋರಿಸುತ್ತದೆ. ಪ್ರೆಷರ್ ಬಿದ್ದರೂ ಚೆನ್ನಾಗಿದೆ ಅನ್ನುತ್ತದೆ. 240–33 ಮಾದರಿಯಲ್ಲಿ ಕೆಳಗೆ ತೋರಿಸುತ್ತದೆ, ಕನಿಷ್ಠ ಎಚ್ಚರವಾದರೂ ಆಗುತ್ತದೆ. ಸೆಂಡರಿನ ಮೈಗೆ ಒಂದು ರಿಂಗ್ ಟರ್ಮಿನಲ್ ಕೂಡಿಸಿ, ಅಲ್ಲಿಂದ ಬ್ಲಾಕಿನ ಬೋಲ್ಟಿಗೆ ವೈರ್ ಎಳೆದೆ. ಕುಣಿತ ಅರ್ಧ ನಿಂತಿತು.

ಉಳಿದರ್ಧ ಎಂಜಿನ್ನಿಗೂ ಬಾಡಿಗೂ ನಡುವಿನ ಪಟ್ಟಿಯದ್ದು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಹಾಗಾಗಿ ಎಂಜಿನ್ ಮತ್ತು ಬಾಡಿ ನಡುವೆ ತಂತಿ ಹೆಣೆದ ದಪ್ಪ ಅರ್ಥ್ ಪಟ್ಟಿ ಇರಲೇಬೇಕು. ಎಂಜಿನ್ ಇಳಿಸುವಾಗ ಬಿಚ್ಚಿದ ಪಟ್ಟಿಯನ್ನು ಹೊಸ ಎಂಜಿನ್ನಿಗೆ ಹಾಕುವುದು ಮರೆತೇ ಹೋಗುತ್ತದೆ. ನೋಡುವುದು ಹೀಗೆ: ಎಂಜಿನ್ ಓಡಲಿ, ಹೆಡ್‌ಲೈಟ್ ಉರಿಯಲಿ. ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಬ್ಲಾಕಿಗೆ, ಒಂದು ಬಾಡಿಗೆ. 0.2 ವೋಲ್ಟ್‌ಗಿಂತ ಕಡಿಮೆ ಇರಬೇಕು. ನಮ್ಮ ಜೀಪಿನಲ್ಲಿ 0.7 ಬಂತು. ಪಟ್ಟಿ ಇತ್ತು, ಆದರೆ ಬೋಲ್ಟ್ ಕೂತ ಜಾಗದಲ್ಲಿ ಪೇಂಟ್ ಕೆರೆದಿರಲಿಲ್ಲ. ಬೋಲ್ಟ್ ತಲೆಯ ಸುತ್ತ ಹಸಿರು ಬಣ್ಣ ಹಾಗೇ ಹೊಳೆಯುತ್ತಿತ್ತು. ಮರಳು ಕಾಗದ ಹಾಕಿ ಬೆಳ್ಳಗೆ ಮಾಡಿ, ನಕ್ಷತ್ರ ವಾಷರ್ ಇಟ್ಟು ಬಿಗಿದು, ಮೇಲೆ ಗ್ರೀಸ್ ಸವರಿದೆ. 0.05ಕ್ಕೆ ಇಳಿಯಿತು. ಮುಳ್ಳು ಕುಣಿಯುವುದನ್ನು ಬಿಟ್ಟಿತು.

ಈ ಪಟ್ಟಿಯನ್ನು ಯಾರೂ ಸಣ್ಣದೆಂದು ತಿಳಿಯಬಾರದು. ಅದು ಸರಿ ಇಲ್ಲದಿದ್ದರೆ ಸೆಲ್ಫ್ ಹೊಡೆದಾಗಿನ ಕರೆಂಟ್ ಆಕ್ಸಿಲರೇಟರ್ ಕೇಬಲ್ ಮೇಲೆ, ಸಣ್ಣ ವೈರುಗಳ ಮೇಲೆ ಹಾದು ಹೋಗುತ್ತದೆ. ಕೇಬಲ್ ಕಾದು ಅದರ ಕವಚ ಕರಗುತ್ತದೆ. ಇಸಿಯು ಇರುವ ಎಂಜಿನ್ನಿಗೆ ಕೆಟ್ಟ ಅರ್ಥ್ ಅಂದರೆ ದಿನಕ್ಕೊಂದು ರೋಗ.

ಕೈ ಮೀಟರ್ ಹಚ್ಚಿ ನೋಡುವುದು

ವೈರು ಸರಿಯಾದ ಮೇಲೂ ಒಂದು ಕಾಟ ಉಳಿಯಿತು. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಹತ್ತಿರ ಜೋರಾಗಿ ಬ್ರೇಕ್ ಹಾಕಿದೆ. ಮುಳ್ಳು 3ರಿಂದ ಒಂದೇ ಸಲ ಸೊನ್ನೆಯ ಹತ್ತಿರ ಇಳಿದು ಮತ್ತೆ ಎದ್ದಿತು. ಇದೂ ವೈರಿನದ್ದೇ ಇರಬೇಕು ಅಂದುಕೊಂಡೆ. ನಮ್ಮ ಲೇತ್ ಅಂಗಡಿಯ ಚಾಚಾ ಒಪ್ಪಲಿಲ್ಲ. "ಮೊದ್ಲ ಕೈ ಮೀಟರ್ ಹಚ್ಚಿ ನೋಡ್ರಿ. ಅದಕ್ಕ ವೈರಿಲ್ಲ, ಸುಳ್ಳು ಹೇಳಾಂಗಿಲ್ಲ" ಅಂದರು.

ಚಾಚಾ ಹೇಳಿದ್ದು ನಿಜ. ಕೈ ಮೀಟರ್ ಅಂದರೆ 0–10 ಕೆಜಿ ಅಳತೆಯ ಸಾದಾ ಪ್ರೆಷರ್ ಗೇಜ್, ಅದಕ್ಕೊಂದು ಹೋಸ್, ನಿಮ್ಮ ಥ್ರೆಡ್ಡಿನ ಅಡಾಪ್ಟರ್. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಹಾಕಬೇಕು. 1 ಕೆಜಿ ಅಂದರೆ ಸುಮಾರು 1 ಬಾರ್, 14 ಪಿಎಸ್‌ಐ. ಹೋಸ್ ಸೈಲೆನ್ಸರ್ ಪೈಪಿಗೆ ತಾಗದಂತೆ ಕಟ್ಟಿ. ಗೇಜನ್ನು ಕಾಯಂ ಆಗಿ ಗಾಡಿಯ ಒಳಗೆ ತರಬೇಡಿ. ಪ್ಲಾಸ್ಟಿಕ್ ನಳಿಕೆ ಒಡೆದರೆ ಕಾದ ಆಯಿಲ್ ನೇರ ಕಾಲ ಮೇಲೆ.

ತಣ್ಣನೆ ಎಂಜಿನ್‌ನಲ್ಲಿ ಅಳೆದರೆ ಪ್ರಯೋಜನವಿಲ್ಲ. 20 ನಿಮಿಷ ಓಡಿಸಿ ಬಂದು ಅಳೆಯಿರಿ. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ನಿಧಾನ ಓಡುವಾಗ) ಎಷ್ಟು, 2000 ಆರ್‌ಪಿಎಂನಲ್ಲಿ ಎಷ್ಟು, 3000ದಲ್ಲಿ ಎಷ್ಟು ಬರೆದುಕೊಳ್ಳಿ. ಪಕ್ಕದಲ್ಲಿ ಡ್ಯಾಶ್ ಮೀಟರ್ ತೋರಿಸಿದ್ದನ್ನೂ ಬರೆಯಿರಿ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಹಳೆಯ ಮಿಸ್ತ್ರಿಗಳ ಲೆಕ್ಕ. ಅಂದಾಜಿಗೆ ಸರಿ, ತೀರ್ಪಿಗೆ ನಿಮ್ಮ ಎಂಜಿನ್ನಿನ ಮ್ಯಾನುಯಲ್ ನೋಡಬೇಕು. ಈಚಿನ ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಪಂಪ್ ಎರಡು ಹಂತದ್ದು. ಇಂಧನ ಉಳಿಸಲು ಕಡಿಮೆ ಆರ್‌ಪಿಎಂನಲ್ಲಿ ಬೇಕಂತಲೇ ಪ್ರೆಷರ್ ಕಡಿಮೆ ಇಡುತ್ತದೆ, ಆಮೇಲೆ ಒಮ್ಮೆಲೇ ಏರಿಸುತ್ತದೆ. ಹಳೆಯ ಜೀಪ್ ಓಡಿಸಿದವರಿಗೆ ಆ ಜಿಗಿತ ದೋಷದಂತೆ ಕಾಣುತ್ತದೆ. ಅದು ದೋಷವಲ್ಲ.

ಇಲ್ಲಿ ಆಯಿಲ್ ಗ್ರೇಡಿನ ಮಾತು ಹೇಳಲೇಬೇಕು. ಮುಳ್ಳು ಕೆಳಗಿದ್ದರೆ "ನಮ್ಮ ಕಲಬುರಗಿ ಬಿಸಿಲಿಗೆ ತೆಳು ಆಯಿಲ್ ನಡೆಯಲ್ಲ, 20ಡಬ್ಲ್ಯೂ-40 ಹಾಕಿ" ಅನ್ನುವವರು ಸಿಗುತ್ತಾರೆ. ಮೇ ತಿಂಗಳಲ್ಲಿ ಇಲ್ಲಿ 42–43 ಡಿಗ್ರಿ ಬಿಸಿಲು ಹೊಸದಲ್ಲ, ನಿಜ. ಆದರೆ ಎಂಜಿನ್ ಒಳಗೆ ಆಯಿಲ್ ಹೇಗಿದ್ದರೂ 100 ಡಿಗ್ರಿ ಸುತ್ತ ಇರುತ್ತದೆ. ಗ್ರೇಡಿನ ಎರಡನೇ ಅಂಕಿ ಅಳೆಯುವುದೇ 100 ಡಿಗ್ರಿಯಲ್ಲಿ. ದಪ್ಪ ಆಯಿಲ್ ಹಾಕಿದರೆ ಮುಳ್ಳು ಏರುತ್ತದೆ, ಯಾಕಂದರೆ ಆಯಿಲ್ ಹರಿಯಲು ಕಷ್ಟಪಡುತ್ತಿದೆ. ಟರ್ಬೊಗೂ ಟ್ಯಾಪೆಟ್‌ಗೂ ಬೇಕಾದದ್ದು ಹರಿವು. ಮ್ಯಾನುಯಲ್ ಒಪ್ಪುವ ಗ್ರೇಡುಗಳಲ್ಲೇ ಆರಿಸಿ.

ಡಿಪ್‌ಸ್ಟಿಕ್ ಮೂಸಿ ನೋಡುವುದನ್ನೂ ಮರೆಯಬೇಡಿ. ಡೀಸೆಲ್ ವಾಸನೆ ಬಂದು ಮಟ್ಟ ತಾನಾಗಿ ಏರುತ್ತಿದ್ದರೆ ಆಯಿಲ್‌ಗೆ ಡೀಸೆಲ್ ಬೆರೆಯುತ್ತಿದೆ. ಆಗ ಇಂಜೆಕ್ಟರ್ ಕಡೆ ಹೋಗಬೇಕು.

ಚೇಂಬರ್ ಮತ್ತು ಸ್ಟ್ರೈನರ್

ಕೈ ಮೀಟರಿನಲ್ಲೂ ಅದೇ ಆಯಿತು. ಗೇಜನ್ನು ಮುಂದಿನ ಗಾಜಿನ ಹೊರಗೆ ಕಾಣುವಂತೆ ಕಟ್ಟಿ ಖಾಲಿ ಮೈದಾನದಲ್ಲಿ ಓಡಿಸಿದೆವು. ಬ್ರೇಕ್ ಹಾಕಿದರೆ ಬೀಳುತ್ತಿತ್ತು. ಈ ಸಲ ಆಯಿಲೇ ಇಲ್ಲ ಅನ್ನುತ್ತಿತ್ತು. ಆ ಕ್ಷಣದಿಂದ ಎಂಜಿನ್ ಸ್ಟಾರ್ಟ್ ಮಾಡಲಿಲ್ಲ. ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದೆವು. ಬೇರಿಂಗಿಗೆ ಕೆಲವು ಸೆಕೆಂಡ್ ಆಯಿಲ್ ಸಿಗದಿದ್ದರೂ ಗೀರು ಬೀಳುತ್ತದೆ.

ಕಾರಿನ ಎಂಜಿನ್ ಜೀಪಿಗೆ ಕೂರಿಸುವಾಗ ಚೇಂಬರ್, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಮುಂದಿನ ಆಕ್ಸಲ್ ಹೌಸಿಂಗಿಗೆ ಬಡಿಯುವುದುಂಟು. ನಮ್ಮದೂ ಬಡಿಯುತ್ತಿತ್ತು. ಹಾಗಾಗಿ ಚೇಂಬರಿನ ಮುಂಭಾಗ ಕತ್ತರಿಸಿ ವೆಲ್ಡ್ ಮಾಡಿ, ಅದರಿಂದ ಆಯಿಲ್ ಹೀರುವ ಸ್ಟ್ರೈನರ್ (ಜಾಲರಿ) ಪೈಪ್ ಬಾಗಿಸಿದ್ದರು. ಕೆಳಗಿಳಿಸಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಇಟ್ಟು ಅಳೆದೆವು. ಅಳೆಯಲು ಸುಲಭ ಉಪಾಯ ಇದೆ. ಮಕ್ಕಳು ಆಡುವ ಬಣ್ಣದ ಕ್ಲೇ ಉಂಡೆ ಮಾಡಿ ಸ್ಟ್ರೈನರಿನ ಕೆಳಗೆ ಅಂಟಿಸಿ, ಚೇಂಬರ್ ಗ್ಯಾಸ್ಕೆಟ್ ಸಮೇತ ಕೂರಿಸಿ, ಮತ್ತೆ ಬಿಚ್ಚಿ. ಒತ್ತಿದ ಕ್ಲೇ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಸಂದು. 6ರಿಂದ 10 ಮಿಮೀ ಇದ್ದರೆ ಸರಿ. ನಮ್ಮ ಉಂಡೆಗೆ ಚೇಂಬರ್ ತಾಗಿರಲೇ ಇಲ್ಲ. ದೊಡ್ಡ ಉಂಡೆ ಮಾಡಿ ಮತ್ತೆ ನೋಡಿದರೆ 22 ಮಿಮೀ. ಬ್ರೇಕ್ ಹಾಕಿದಾಗ ಆಯಿಲ್ ಮುಂದಕ್ಕೆ ಓಡಿ ಸ್ಟ್ರೈನರ್ ಗಾಳಿ ಹೀರುತ್ತಿತ್ತು. ಸಂದು ತೀರಾ ಕಡಿಮೆ ಆದರೂ ಕಷ್ಟವೇ, ಜೋರು ಓಟದಲ್ಲಿ ಆಯಿಲ್ ಸಾಕಾಗುವುದಿಲ್ಲ.

ಇದರ ಜೊತೆ ಮಟ್ಟವೂ ಕಡಿಮೆ ಇತ್ತು. ಡಿಪ್‌ಸ್ಟಿಕ್ ಫುಲ್ ಅನ್ನುತ್ತಿತ್ತು. ಆದರೆ ಆ ಗೆರೆ ಹಾಕಿದ್ದು ಎಂಜಿನ್ ಕಾರಿನಲ್ಲಿ ವಾಲಿ ಕೂತ ಲೆಕ್ಕಕ್ಕೆ. ಜೀಪಿನಲ್ಲಿ ಅದು ಕೂತ ಕೋನ ಬೇರೆ, ಚೇಂಬರಿನ ಆಕಾರವೂ ಬೇರೆ. ಎಂಜಿನ್ ಬದಲಿಸಿದ ಎಲ್ಲರೂ ಇದನ್ನು ಮಾಡಬೇಕು. ಆಯಿಲ್ ಪೂರ್ತಿ ಇಳಿಸಿ, ಹೊಸ ಫಿಲ್ಟರ್ ಹಾಕಿ, ಮ್ಯಾನುಯಲ್ ಹೇಳಿದಷ್ಟು ಲೀಟರ್ ಅಳೆದು ತುಂಬಿಸಿ. ಚೇಂಬರ್ ಕತ್ತರಿಸಿದ್ದರೆ ಅಷ್ಟು ಆಯಿಲ್ ಕ್ರ್ಯಾಂಕಿಗೆ ಬಡಿಯದಂತೆ ಹಿಡಿಸುತ್ತದೆಯೇ ಎಂದು ಮೊದಲೇ ಅಳೆದಿರಬೇಕು. ಎಂಜಿನ್ ಸ್ವಲ್ಪ ಓಡಿಸಿ, ಸಮ ನೆಲದಲ್ಲಿ 10 ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಮೇಲೆ ಹೊಸ ಗೆರೆ ಕೊರೆಯಿರಿ.

ಸ್ಟ್ರೈನರ್ ಪೈಪ್ ಇಳಿಸಿ ಸಂದನ್ನು 8 ಮಿಮೀಗೆ ತಂದೆವು. ಪೈಪಿನ ಓ-ರಿಂಗ್ ಕಲ್ಲಿನಂತೆ ಗಟ್ಟಿಯಾಗಿತ್ತು. ಉಗುರಿನಿಂದ ಒತ್ತಿದರೆ ಗುರುತೇ ಮೂಡಲಿಲ್ಲ. ಅದನ್ನೂ ಬದಲಿಸಿದೆವು. ಕತ್ತರಿಸಿದ ಜಾಗದ ಬದಲಿಗೆ ಚೇಂಬರಿನ ಪಕ್ಕಕ್ಕೆ ಸಣ್ಣ ಪೆಟ್ಟಿಗೆ ವೆಲ್ಡ್ ಮಾಡಿಸಿದ್ದರಿಂದ ಆಯಿಲ್‌ನ ಅಳತೆ ಪೂರ್ತಿ ಹಿಡಿಯಿತು. ಒಳಗೆ ಆಯಿಲ್ ಓಡಾಡದಂತೆ ಒಂದು ತಗಡಿನ ತಡೆಯನ್ನೂ ಕೂರಿಸಿದೆವು. ಬೇರಿಂಗ್ ಕ್ಯಾಪ್ ಒಂದನ್ನು ಬಿಚ್ಚಿ ನೋಡಿದೆವು, ಶೆಲ್ ಮೇಲೆ ಗೀರು ಇರಲಿಲ್ಲ.

ಹೊಸ ಆಯಿಲ್ ತುಂಬಿದ ಮೇಲೆ ನೇರ ಸ್ಟಾರ್ಟ್ ಮಾಡಲಿಲ್ಲ. ಎಂಜಿನ್ ಏಳದಂತೆ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ, ಕೈ ಮೀಟರಿನಲ್ಲಿ ಪ್ರೆಷರ್ ಕಾಣುವವರೆಗೆ 10 ಸೆಕೆಂಡಿನಂತೆ ನಿಲ್ಲಿಸಿ ನಿಲ್ಲಿಸಿ ಸೆಲ್ಫ್ ಹೊಡೆದೆವು. ಆಮೇಲೆ ಹುಮನಾಬಾದಿಗೆ ಹೋಗಿ ಬಂದೆ. ಕಮಲಾಪುರದ ಹತ್ತಿರ ಅದೇ ಜಾಗದಲ್ಲಿ ಮತ್ತೆ ಬ್ರೇಕ್ ಒತ್ತಿದೆ. ಮುಳ್ಳು ಅಲುಗಲಿಲ್ಲ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ 1.2, 2000ದಲ್ಲಿ 2.6, 3000ದಲ್ಲಿ 3.4 ಬಾರ್. ಕೈ ಮೀಟರಿಗೂ ಡ್ಯಾಶ್ ಮೀಟರಿಗೂ 0.2 ವ್ಯತ್ಯಾಸ. ಈ ಅಂಕಿಗಳನ್ನು, ಆಯಿಲ್ ಗ್ರೇಡ್ ಮತ್ತು ಸೆಂಡರ್ ಮಾದರಿಯ ಜೊತೆ ಒಂದು ಚೀಟಿಯಲ್ಲಿ ಬರೆದು ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಮುಂದೆ ಯಾರು ಬಾನೆಟ್ ಎತ್ತಿದರೂ ಅವರಿಗೆ ಸಿಗಲಿ.